ನಾಲ್ಕೇ ಅಕ್ಷರ, ಏಳು ವೇಷ

ಕಳೆದ ಸೋಮವಾರ ಶಾಲೆಯಿಂದ ಬಂದ ಮೊಮ್ಮಗಳು ಚೀಲವನ್ನು ಮೂಲೆಗೆಸೆದು, ತಿಂಡಿಯನ್ನೂ ಮುಟ್ಟದೆ ಕೂತುಬಿಟ್ಟಳು. ತಲೆ ಸವರಿ ಕೇಳಿದೆ. ‘ಅಜ್ಜಿ, ಇನ್ಮೇಲೆ ನಾನು ಇಂಗ್ಲಿಷ್ ಪಾಠ ಜೋರಾಗಿ ಓದಲ್ಲ’ ಅಂದಳು.

ಆಗಿದ್ದಿಷ್ಟೇ. ಪಾಠದಲ್ಲಿ ನೇಗಿಲಿಗೆ ಇರುವ ಇಂಗ್ಲಿಷ್ ಪದ ಬಂದಿದೆ. ಅವಳು ಅದನ್ನು ‘ಪ್ಲಫ್’ ಎಂದು ಓದಿದ್ದಾಳೆ. ತರಗತಿಯೆಲ್ಲ ಗೊಳ್ಳೆಂದು ನಕ್ಕಿದೆ. ‘ಟಫ್, ರಫ್ ಎರಡರ ಕೊನೆಗೂ ಓ, ಯು, ಜಿ, ಎಚ್ ಇದೆ. ಇದರಲ್ಲೂ ಅದೇ ನಾಲ್ಕಕ್ಷರ. ಹಾಗಾದ್ರೆ ಇದು ಪ್ಲಫ್ ಅಲ್ವಾ?’ ಎಂದು ಕಣ್ಣೊರೆಸಿಕೊಂಡಳು.

ಮಕ್ಕಳೇ, ನೀವೇ ಹೇಳಿ, ಅವಳ ಲೆಕ್ಕದಲ್ಲಿ ತಪ್ಪೆಲ್ಲಿದೆ? ಅದು ‘ಪ್ಲಫ್’ ಅಲ್ಲ, ‘ಪ್ಲೌ’. ಆದರೆ ಮೋಸ ಮಾಡಿದ್ದು ಆ ನಾಲ್ಕಕ್ಷರ. ಅವು ಒಂದೊಂದು ಪದದಲ್ಲಿ ಒಂದೊಂದು ವೇಷ ಹಾಕುತ್ತವೆ. ಅಜ್ಜಿ ಮೊಮ್ಮಗಳು ಕೂತು ಪಟ್ಟಿ ಮಾಡಿದೆವು. ಈ ಎಲ್ಲ ಪದಗಳಲ್ಲೂ ಅದೇ ಓ, ಯು, ಜಿ, ಎಚ್ ಇವೆ:

‘ಅಫ್’ ವೇಷ: ಟಫ್ – ಗಟ್ಟಿ, ಕಷ್ಟದ. ರಫ್ – ಒರಟು. ಇನಫ್ – ಸಾಕು.

‘ಆಫ್’ ವೇಷ: ಕಾಫ್ – ಕೆಮ್ಮು. ಟ್ರಾಫ್ – ದನಕರುಗಳಿಗೆ ನೀರು, ಮೇವು ಹಾಕುವ ತೊಟ್ಟಿ.

‘ಓ’ ವೇಷ: ದೋ – ಆದರೂ. ಡೋ – ಕಲಸಿದ ಹಿಟ್ಟು, ಕಣಕ.

‘ಊ’ ವೇಷ: ಥ್ರೂ – ಮೂಲಕ.

‘ಔ’ ವೇಷ: ಪ್ಲೌ – ನೇಗಿಲು. ಬೌ – ಮರದ ದೊಡ್ಡ ಕೊಂಬೆ. ಡ್ರೌಟ್ – ಬರಗಾಲ.

‘ಆ’ ವೇಷ: ಥಾಟ್ – ಯೋಚನೆ. ಬಾಟ್ – ಕೊಂಡುಕೊಂಡ. ಫಾಟ್ – ಹೋರಾಡಿದ.

‘ಅ’ ವೇಷ: ಥರ – ಅಚ್ಚುಕಟ್ಟಾದ, ಪೂರ್ತಿಯಾದ. ಇದು ಬ್ರಿಟನ್ನಿನವರ ಉಚ್ಚಾರ. ಅಮೆರಿಕದವರು ‘ಥರೋ’ ಎನ್ನುತ್ತಾರೆ.

ಪಟ್ಟಿ ಬರೆಯುವಾಗ ನನ್ನ ಗುಟ್ಟೂ ರಟ್ಟಾಯಿತು. ಇಷ್ಟು ವರ್ಷ ನಾನು ಔಷಧಿ ಅಂಗಡಿಯಲ್ಲಿ ಕೇಳಿದ್ದು ‘ಕಫ್ ಸಿರಪ್’! ನಮ್ಮ ಕಫಕ್ಕೂ ಆ ‘ಕಾಫ್’ಗೂ ನಂಟಿಲ್ಲ. ಮೊಮ್ಮಗಳು ಅಂದು ಮೊದಲ ಸಲ ನಕ್ಕಳು.

ಇನ್ನು ಒಂದು ಏಣಿಯಾಟ. ‘ಟಫ್’ ಬರೆಯಿರಿ. ಟಿ ಆದ ಮೇಲೆ ಎಚ್ ಸೇರಿಸಿ, ‘ದೋ’ ಆಯಿತು. ಆ ಎಚ್ ಆದ ಮೇಲೆ ಆರ್ ಸೇರಿಸಿ, ‘ಥ್ರೂ’. ಎಚ್ ಮತ್ತು ಆರ್ ನಡುವೆ ಒಂದು ಓ ತೂರಿಸಿ, ‘ಥರ’. ಪ್ರತಿ ಮೆಟ್ಟಿಲಿಗೂ ಒಂದೇ ಅಕ್ಷರ ಹೆಚ್ಚು, ಆದರೆ ಅರ್ಥವೂ ಬೇರೆ, ಸದ್ದೂ ಬೇರೆ!

‘ಯಾಕಜ್ಜಿ ಹೀಗೆ?’ ಎಂದಳು. ಕಾರಣವಿದೆ. ಸುಮಾರು ಸಾವಿರ ವರ್ಷಗಳ ಹಿಂದೆ ಇಂಗ್ಲಿಷಿನವರ ಬಾಯಲ್ಲಿ, ಗಂಟಲನ್ನು ಉಜ್ಜಿಕೊಂಡು ಬರುವ ‘ಖ್’ನಂಥ ಒಂದು ಸದ್ದಿತ್ತು. ಅದನ್ನು ಬರೆಯಲು ಜಿ, ಎಚ್ ಜೋಡಿ ಬಳಕೆಗೆ ಬಂತು. ಇಂಗ್ಲಿಷಿನ ನೆಂಟ ಭಾಷೆ ಜರ್ಮನ್‌ನಲ್ಲಿ ಅಂಥ ಸದ್ದು ಈಗಲೂ ಇದೆ. ಇಂಗ್ಲಿಷಿನಲ್ಲಿ ರಾತ್ರಿಗೆ ‘ನೈಟ್’. ಅದರಲ್ಲಿ ಜಿ, ಎಚ್ ಸುಮ್ಮನೆ ಕೂತಿವೆ. ಜರ್ಮನ್ನರು ರಾತ್ರಿಗೆ ‘ನಾಖ್ಟ್’ ಎನ್ನುತ್ತಾರೆ.

ಕಾಲ ಕಳೆದಂತೆ ಇಂಗ್ಲಿಷಿನಲ್ಲಿ ಆ ಸದ್ದು ಕೆಲವು ಪದಗಳಲ್ಲಿ ಮಾಯವಾಯಿತು, ಕೆಲವು ಪದಗಳಲ್ಲಿ ‘ಫ್’ ಆಯಿತು. ಪಕ್ಕದ ಸ್ವರಗಳೂ ದಿಕ್ಕಿಗೊಂದರಂತೆ ಬದಲಾದವು. ಇದರ ನಡುವೆಯೇ 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಮುದ್ರಣ ಯಂತ್ರ ತಂದರು. ಪುಸ್ತಕಗಳು ಹರಡಿದಂತೆ ಹಳೆಯ ಬರವಣಿಗೆ ನಿಧಾನವಾಗಿ ಗಟ್ಟಿಯಾಯಿತು. ನಾಲಿಗೆ ಮುಂದೆ ಹೋಯಿತು, ಕಾಗದ ಹಿಂದೆಯೇ ನಿಂತಿತು. ನೇಗಿಲಿನ ವಿಷಯದಲ್ಲಿ ಅಮೆರಿಕದವರು ಮಾತ್ರ ಬೇಸತ್ತು ಪಿ, ಎಲ್, ಓ, ಡಬ್ಲ್ಯು ಎಂದು ಸರಳವಾಗಿ ಬರೆಯುತ್ತಾರೆ.

ನಮ್ಮ ಕನ್ನಡದಲ್ಲೂ ಒಂದು ಸದ್ದು ಹೀಗೆ ಕಳೆದುಹೋಗಿದೆ. ಹಳಗನ್ನಡದಲ್ಲಿ ‘ೞ’ ಎಂಬ ಅಕ್ಷರವಿತ್ತು. ಮಳೆಯನ್ನು ‘ಮೞೆ’ ಎಂದು ಬರೆಯುತ್ತಿದ್ದರು. ಆ ಸದ್ದು ಹೋದ ಮೇಲೆ ನಾವು ಅಕ್ಷರವನ್ನೂ ಬಿಟ್ಟು ‘ಮಳೆ’ ಎಂದು ಬರೆದೆವು. ಇಂಗ್ಲಿಷಿನವರು ಸದ್ದು ಹೋದರೂ ಅಕ್ಷರವನ್ನು ಇಟ್ಟುಕೊಂಡರು. ಬರೆದಂತೆ ಓದಿ ರೂಢಿಯಾದ ನಮ್ಮ ಮಕ್ಕಳು ಅಲ್ಲಿ ಎಡವುವುದು ದಡ್ಡತನದಿಂದಲ್ಲ. ನಿಯಮ ಹುಡುಕುವ ಬುದ್ಧಿ ಇರುವುದರಿಂದಲೇ ‘ಪ್ಲಫ್’ ಹುಟ್ಟುವುದು.

ಹಾಗಾಗಿ ಈ ಪದಗಳನ್ನು ಕಣ್ಣಿನಿಂದಷ್ಟೇ ಕಲಿಯಬೇಡಿ, ಕಿವಿಯಿಂದಲೂ ಕಲಿಯಿರಿ. ಒಂದೊಂದು ವೇಷದ ಪದಗಳನ್ನು ಒಟ್ಟಿಗೆ ಬರೆದು ಗೋಡೆಗೆ ಅಂಟಿಸಿ, ದಿನಕ್ಕೊಮ್ಮೆ ಜೋರಾಗಿ ಹೇಳಿ. ಅಜ್ಜಿ ತಾತಂದಿರೇ, ನೀವೂ ಜೊತೆಗೆ ಹೇಳಿ. ನಾವು ತಪ್ಪಿದಾಗ ಮಕ್ಕಳು ತಿದ್ದಲಿ. ತಪ್ಪಿದರೆ ಮಾನ ಹೋಗುವುದಿಲ್ಲ ಎಂದು ಅವರಿಗೆ ಗೊತ್ತಾಗುತ್ತದೆ.

ಗುರುವಾರ ಮೊಮ್ಮಗಳು ಮತ್ತೆ ಕೈಯೆತ್ತಿ ಪಾಠ ಓದಿದಳಂತೆ. ‘ಟ್ರಾಫ್’ ಬಂದಾಗ ಒಂದು ಕ್ಷಣ ತಡೆದು, ಸರಿಯಾಗಿ ಹೇಳಿದಳಂತೆ.

ಈ ವಾರದ ಮನೆಗೆಲಸ: ಈಗ ಓ ತೆಗೆದು ಎ ಹಾಕಿ. ಎ, ಯು, ಜಿ, ಎಚ್ ಇರುವ ಮೂರು ಪದ ಹುಡುಕಿ. ಅರ್ಥಗಳು: ನಗು, ಮಗಳು, ಕಲಿಸಿದರು. ಮೂರರಲ್ಲಿ ಒಂದರಲ್ಲಿ ಮಾತ್ರ ‘ಫ್’ ಕೇಳಿಸುತ್ತದೆ. ಯಾವುದು? ಉತ್ತರ ಮುಂದಿನ ವಾರ.