ಕಪ್ಪಗಿದ್ರೆ ಖಾರ ಅಂತ ಯಾರು ಹೇಳಿದ್ದು?

ಕಡು ಕಂದು ಬಣ್ಣದ ಸಿಗಾರ್ ಕಂಡ ಕೂಡಲೇ ನನ್ನ ಸ್ನೇಹಿತರು ಹೇಳೋದು ಒಂದೇ ಮಾತು: "ಇದು ಭಾರೀ ಸ್ಟ್ರಾಂಗ್ ಇರುತ್ತೆ, ಬೇಡಪ್ಪ!" ಬ್ಯಾಡಗಿ ಮೆಣಸಿನಕಾಯಿ ನೆನಪಿಸಿಕೊಳ್ಳಿ. ಬಣ್ಣ ಕಡುಗೆಂಪು, ಖಾರ ಮಾತ್ರ ಕಡಿಮೆ. ಸಿಗಾರ್ ಕಥೆಯೂ ಹಾಗೇ.

ಈ ಕಪ್ಪು ಸಿಗಾರ್‌ಗೆ 'ಮದೂರೊ' ಅಂತಾರೆ. ಸ್ಪ್ಯಾನಿಷ್‌ನಲ್ಲಿ ಮಾಗಿದ್ದು ಅಂತ ಅರ್ಥ. ಬಣ್ಣವೆಲ್ಲ ಹೊರಗೆ ಸುತ್ತಿದ ಎಲೆಯದು. ಮೆಕ್ಸಿಕೋದ ಸಾನ್ ಆಂದ್ರೆಸ್, ಅಮೆರಿಕದ ಕನೆಕ್ಟಿಕಟ್ ಕಡೆಯ ದಪ್ಪ ಎಲೆಗಳು ಇದಕ್ಕೆ ಹೆಸರುವಾಸಿ. ಒಣಗಿದ ಎಲೆಗೆ ತೇವ ಕೊಟ್ಟು ರಾಶಿ ಹಾಕ್ತಾರೆ. ತಿಪ್ಪೆಯೊಳಗೆ ಬಿಸಿ ಏರೋ ಹಾಗೆ ರಾಶಿ ತಾನಾಗೇ ಬಿಸಿಯಾಗುತ್ತೆ. ಆಗಾಗ ಮಗುಚಿ ಮತ್ತೆ ಪೇರಿಸ್ತಾರೆ. ತಿಂಗಳುಗಟ್ಟಲೆ ಹೀಗೆ ನಡೆದ ಮೇಲೆ ಅಮೋನಿಯಾ ಹೊರಟುಹೋಗಿ, ಒಗರು ಇಳಿದು, ಎಲೆ ಕಪ್ಪಾಗುತ್ತೆ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಸಿಗರೇಟಿನ ಹೊಗೆಸೊಪ್ಪು ಬ್ಯಾರನ್‌ನ ಬಿಸಿಯಲ್ಲಿ ಸುಮಾರು ಒಂದು ವಾರಕ್ಕೇ ಹದವಾಗುತ್ತೆ. ಮದೂರೊಗೆ ಆ ಅವಸರ ಇಲ್ಲ.

ಹಾಗಾದ್ರೆ ಸ್ಟ್ರಾಂಗ್ ಆಗೋದು ಯಾವುದರಿಂದ? ಗಿಡದ ತುದಿಯ, ಬಿಸಿಲು ಜಾಸ್ತಿ ಕುಡಿದ 'ಲಿಗೇರೊ' ಎಲೆಯಿಂದ. ಅದರಲ್ಲಿ ನಿಕೋಟಿನ್ ಹೆಚ್ಚು. ಸಿಗಾರ್ ಒಳಗೆ ಅದನ್ನ ಎಷ್ಟು ತುಂಬಿದ್ದಾರೆ ಅನ್ನೋದೇ ಲೆಕ್ಕ. 'ಫುಲ್ ಬಾಡಿ' ಅನ್ನೋದು ಬೇರೆ ವಿಷಯ: ಹೊಗೆ ಬಾಯಲ್ಲಿ ಎಷ್ಟು ಗಟ್ಟಿಯಾಗಿ, ತುಂಬಿಕೊಂಡು ಕೂರುತ್ತೆ ಅನ್ನೋದು. ತಿಳಿಸಾರಿಗೂ ಕಟ್ಟಿನ ಸಾರಿಗೂ ಇರೋ ವ್ಯತ್ಯಾಸ.

ನನಗೆ ಸಿಗೋ ರುಚಿ ಹೇಳ್ತೀನಿ. ಶುರುವಿಗೆ ಕಾಳುಮೆಣಸು. ಐದಾರು ನಿಮಿಷ ಬಿಟ್ಟು ಸಕ್ಕರೆ ಹಾಕದ ಗಟ್ಟಿ ಡಿಕಾಕ್ಷನ್. ಅರ್ಧ ದಾಟಿದ ಮೇಲೆ ಕೋಕೋ, ಆಮೇಲೆ ಸೀದ ಬೆಲ್ಲದ ಸಿಹಿ. ನಿಮಿಷಕ್ಕೊಂದು ಸಲ ಎಳೆದರೆ ಸಾಕು. ಅವಸರ ಮಾಡಿದ್ರೆ ಕಾದು ಬರೀ ಕಹಿ. ಖಾಲಿ ಹೊಟ್ಟೆಯಲ್ಲಂತೂ ಬೇಡ, ತಲೆ ತಿರುಗುತ್ತೆ.

ಇಷ್ಟೆಲ್ಲ ಹೊಗಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. "ಹೊಗೆ ಒಳಗೆ ಎಳೆಯಲ್ವಲ್ಲ, ಏನಾಗಲ್ಲ ಬಿಡು" ಅನ್ನೋದು ನಮ್ಮ ವಯಸ್ಸಿನವರ ಇಷ್ಟದ ಸಮಾಧಾನ. ಅದು ಸುಳ್ಳು. ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಸೇರುತ್ತೆ. ಬಾಯಿ, ಗಂಟಲಿನ ಕ್ಯಾನ್ಸರ್ ಭಯವೂ ಇದ್ದೇ ಇದೆ. ಒಂದು ದೊಡ್ಡ ಸಿಗಾರ್‌ನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು.

ಅದಕ್ಕೇ ನನ್ನ ಲೆಕ್ಕ ವರ್ಷಕ್ಕೆ ಒಂದು, ಅದೂ ಮನೆಯವರಿಂದ ದೂರ, ಬಯಲಲ್ಲಿ. ರುಚಿ ನಿಜ, ಅಪಾಯವೂ ನಿಜ. ಇದುವರೆಗೂ ಮುಟ್ಟದವರಿಗೆ "ನೀವೂ ಒಂದ್ಸಲ ನೋಡಿ" ಅಂತ ಮಾತ್ರ ನಾನು ಹೇಳಲ್ಲ.