ಬಲಿಯುವ ಮೈ, ಕುಗ್ಗುವ ಕೊಂಬು

ಉತ್ತರ ಅಮೆರಿಕದ ರಾಕಿ ಪರ್ವತಗಳಲ್ಲಿ ಕಾಡುಟಗರಿನ ಬೇಟೆ ನಡೆಯುವುದು ಶರತ್ಕಾಲದಲ್ಲಿ. ಬೇಟೆಗಾರರ ಸಿದ್ಧತೆ ಮಾತ್ರ ಆರೇಳು ತಿಂಗಳ ಮೊದಲೇ ಆರಂಭವಾಗಿರುತ್ತದೆ. ಐವತ್ತು, ಅರವತ್ತು ದಾಟಿದ ಬೇಟೆಗಾರರಿಗೆಂದೇ ಅಲ್ಲಿ ಅಂಗಸಾಧನೆಯ ಪಾಠಗಳಿವೆ, ತರಬೇತುದಾರರಿದ್ದಾರೆ. ಮರಳಿನ ಚೀಲ ಬೆನ್ನಿಗೇರಿಸಿ ಮೆಟ್ಟಿಲು ಹತ್ತಿಳಿಯುವುದು, ವಾರ ವಾರಕ್ಕೆ ಆ ಭಾರವನ್ನು ಸ್ವಲ್ಪ ಸ್ವಲ್ಪವೇ ಏರಿಸುವುದು, ಒಂಟಿ ಕಾಲಿನಲ್ಲಿ ನಿಂತು ಸಮತೋಲನ ಕಾಯುವುದು, ಏದುಸಿರು ಬರುವಂತೆ ಓಡಿದೊಡನೆ ಕೋವಿಯನ್ನು ಅಲುಗದಂತೆ ಹಿಡಿಯುವುದು ಎಲ್ಲವೂ ಈ ಪಾಠಗಳಲ್ಲಿ ಸೇರಿವೆ. ಇಷ್ಟೊಂದು ಮಂದಿ ಹಿರಿಯರೇ ಏಕೆ? ಪಶ್ಚಿಮದ ಹಲವು ರಾಜ್ಯಗಳಲ್ಲಿ ಬಿಗ್‌ಹಾರ್ನ್ ಎಂಬ ದೊಡ್ಡಕೊಂಬಿನ ಕಾಡುಟಗರನ್ನು ಹೊಡೆಯಲು ಪರವಾನಗಿ ದೊರೆಯುವುದು ಚೀಟಿ ಎತ್ತುವ ಮೂಲಕ. ಇಪ್ಪತ್ತು ವರ್ಷ ಅರ್ಜಿ ಹಾಕಿಯೂ ಹೆಸರು ಬಾರದವರಿದ್ದಾರೆ. ಕಾಯದೆ ಕೊಳ್ಳಬೇಕೆಂದರೆ ಕೈತುಂಬ ಹಣ ಬೇಕು. ಅದೂ ಕೂಡಿಬರುವುದು ಹೆಚ್ಚಾಗಿ ಇಳಿವಯಸ್ಸಿನಲ್ಲೇ.

ಈ ಪಾಠಗಳಲ್ಲಿ ದೋಷ ಹುಡುಕುವ ಅಗತ್ಯವಿಲ್ಲ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಬಲ ಅದಕ್ಕಿಂತ ಬೇಗ ಇಳಿಯುತ್ತದೆ. ಬೆಟ್ಟ ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕಾಗಿರುವುದರಿಂದ ಏರುವುದಕ್ಕಿಂತ ಇಳಿಯುವುದೇ ಮಂಡಿಗೆ ಕಷ್ಟವೆಂಬುದು ಮಲೆನಾಡಿನಲ್ಲಿ ಸೊಪ್ಪಿನ ಹೊರೆ ಹೊತ್ತ ಯಾರಿಗಾದರೂ ತಿಳಿದ ಸಂಗತಿ. ಮೂರು ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 70 ಭಾಗ ಮಾತ್ರ. ಹೃದಯದ ಮಾತಂತೂ ಇನ್ನೂ ಗಂಭೀರ. ಮಿಷಿಗನ್‌ನ ವೈದ್ಯರು ಜಿಂಕೆ ಬೇಟೆಗೆ ಹೊರಟ 25 ಮಂದಿ ನಡುವಯಸ್ಕರ ಎದೆಬಡಿತವನ್ನು ದಾಖಲಿಸಿ 2007ರಲ್ಲಿ ಪ್ರಕಟಿಸಿದರು. ಆಸ್ಪತ್ರೆಯ ನಡಿಗೆಯಂತ್ರದ ಮೇಲೆ ಶಕ್ತಿಮೀರಿ ನಡೆದಾಗ ಮುಟ್ಟಿದ ಬಡಿತವನ್ನೂ ಅವರಲ್ಲಿ 10 ಮಂದಿ ಕಾಡಿನಲ್ಲಿ ಮೀರಿದ್ದರು. ಅಂಥವರಿಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ವೈದ್ಯರನ್ನು ಕಂಡು ಹೊರಡಿರೆಂದು ಹೇಳುವುದು ವಿವೇಕದ ಮಾತೇ.

ಆಕ್ಷೇಪವಿರುವುದು ಆ ಬೆವರಿಗೆ ಕಟ್ಟಲಾಗುವ ನೈತಿಕ ಬೆಲೆಯ ಬಗ್ಗೆ. ವರ್ಷವಿಡೀ ಬೆವರು ಸುರಿಸಿದವನು ಬೆಟ್ಟದ ಮೇಲಿನ ಅತ್ಯುತ್ತಮ ಟಗರಿಗೆ ಅರ್ಹನಾಗುತ್ತಾನೆ, ದೇಹಶ್ರಮವೇ ಬೇಟೆಯನ್ನು ನ್ಯಾಯಸಮ್ಮತವಾಗಿಸುತ್ತದೆ ಎಂಬ ಭಾವನೆ ಆ ಪಾಠಗಳ ಬೆನ್ನಿಗೇ ಬರುತ್ತದೆ. ಮನುಷ್ಯನ ದೇಹಕ್ಕೂ ಪರ್ವತಕ್ಕೂ ನಡೆಯುವ ಸ್ಪರ್ಧೆಯಂತೆ ಅದನ್ನು ಚಿತ್ರಿಸಲಾಗುತ್ತದೆ. ಆ ಸ್ಪರ್ಧೆಗೆ ಹೆಸರು ಕೊಡದ ಮೂರನೆಯ ದೇಹವೊಂದು ಅಲ್ಲಿದೆ. ಅದರ ಗತಿಯೇನಾಯಿತೆಂಬುದನ್ನು ಕೇಳುವವರು ವಿರಳ.

ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ, ರಾಕಿ ಶ್ರೇಣಿಯಿಂದ ತುಸು ಪೂರ್ವಕ್ಕೆ, ರಾಮ್ ಮೌಂಟನ್ ಎಂಬ ಒಂಟಿ ಪರ್ವತವಿದೆ. ಅಲ್ಲಿನ ಕಾಡುಕುರಿಗಳಿಗೆ ಗುರುತು ಹಾಕಿ, ಒಂದೊಂದರ ವಂಶಾವಳಿಯನ್ನೂ ಬರೆದಿಟ್ಟು 1970ರ ದಶಕದಿಂದ ವಿಜ್ಞಾನಿಗಳು ಅಧ್ಯಯನ ನಡೆಸುತ್ತ ಬಂದಿದ್ದಾರೆ. ಅಲ್ಲಿನ ನಿಯಮ ಸರಳವಾಗಿತ್ತು: ಕೊಂಬು ನಿಗದಿತ ಸುತ್ತು ಬಳಸಿದ್ದರೆ ಆ ಟಗರನ್ನು ಹೊಡೆಯಬಹುದು. ಕೊಂಬು ಬೇಗ ಬೆಳೆಯುವ ಟಗರು ನಾಲ್ಕನೆಯ ವಯಸ್ಸಿಗೇ ಆ ಅಳತೆ ಮುಟ್ಟುತ್ತದೆ. ಆದರೆ ದೊಡ್ಡ ಕೊಂಬಿನ ಬಲದಿಂದ ಕಾದಾಡಿ ಗೆದ್ದು ಹೆಚ್ಚು ಮರಿಗಳಿಗೆ ತಂದೆಯಾಗುವುದು ಅದಕ್ಕಿಂತ ಹಲವು ವರ್ಷಗಳ ನಂತರ. ಅಂದರೆ ಯಾವ ಗುಣಕ್ಕಾಗಿ ಅದು ಬದುಕಬೇಕಿತ್ತೋ ಆ ಗುಣಕ್ಕಾಗಿಯೇ, ಸಂತಾನ ಬಿಡುವ ಮೊದಲೇ, ಗುಂಡಿಗೆ ಬಲಿಯಾಗುತ್ತಿತ್ತು. ಮೋಟುಕೊಂಬಿನ ಟಗರು ಉಳಿಯಿತು, ಅದರ ಮಕ್ಕಳು ಬೆಳೆದವು. ಸುಮಾರು ಮೂವತ್ತು ವರ್ಷಗಳ ದಾಖಲೆಗಳನ್ನು ಪರಿಶೀಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವು ಟಗರುಗಳ ತೂಕವೂ ಕೊಂಬಿನ ಗಾತ್ರವೂ ಕುಗ್ಗಿವೆ, ಅದಕ್ಕೆ ಬೇಟೆಯ ಆಯ್ಕೆಯೇ ಕಾರಣ ಎಂದಿತು. ಈ ತೀರ್ಮಾನವನ್ನು ಪ್ರಶ್ನಿಸಿದ ವಿಜ್ಞಾನಿಗಳೂ ಇದ್ದರು. ಕುರಿಗಳ ಸಂಖ್ಯೆ ಹೆಚ್ಚಿ ಮೇವು ಸಾಲದಾದಾಗಲೂ ಕೊಂಬು ಕುಗ್ಗುತ್ತದೆ ಎಂಬ ಅವರ ಮಾತು ತಳ್ಳಿಹಾಕುವಂಥದಲ್ಲ. ಹೀಗಾಗಿ ದಾಖಲೆಗಳನ್ನು ಮತ್ತೆ ವಿಶ್ಲೇಷಿಸಲಾಯಿತು. 2016ರ ಆ ವಿಶ್ಲೇಷಣೆ ಕೊಂಬಿನ ಕುಸಿತದಲ್ಲಿ ಅನುವಂಶೀಯ ಪಾಲು ನಿಜವಾಗಿಯೂ ಇದೆಯೆಂದು ತೋರಿಸಿತು. 1996ರಲ್ಲಿ ನಿಯಮ ಬಿಗಿಯಾಗಿ ಬೇಟೆ ಬಹುತೇಕ ನಿಂತ ಬಳಿಕ ಆ ಕುಸಿತವೂ ನಿಂತಿತು. ಕಳೆದುಹೋದದ್ದು ಮರಳಿತೆಂದು ಖಚಿತವಾಗಿ ಹೇಳುವಷ್ಟು ಚೇತರಿಕೆ ಮಾತ್ರ ಕಾಣಲಿಲ್ಲ.

ವಿಪರ್ಯಾಸವನ್ನು ಗಮನಿಸಬೇಕು. ಬೇಟೆಗಾರ ತನ್ನ ಕರಗುತ್ತಿರುವ ಸ್ನಾಯುವನ್ನು ಉಳಿಸಿಕೊಳ್ಳಲು ವರ್ಷವಿಡೀ ಹೆಣಗುತ್ತಾನೆ. ಬೆಟ್ಟಕ್ಕೆ ಹೋಗಿ ಒಂದು ಸಂತತಿಯ ಬಲವನ್ನೇ ಕರಗಿಸಿ ಬರುತ್ತಾನೆ. ತೋಳಕ್ಕಾಗಲಿ ಪೂಮಾಕ್ಕಾಗಲಿ ಕೊಂಬಿನ ಅಳತೆ ಬೇಕಿಲ್ಲ; ಮರಿಯೋ, ಮುದಿಯೋ, ರೋಗಪೀಡಿತವೋ, ಕೈಗೆಟಕಿದ್ದನ್ನು ಹಿಡಿಯುತ್ತವೆ. ಹಿಂಡಿನಲ್ಲಿ ಅತಿ ಪುಷ್ಟವಾದುದನ್ನೇ ದುರ್ಬೀನಿನಿಂದ ಹುಡುಕಿ ಕೊಲ್ಲುವ ಬೇಟೆಗಾರ ಮನುಷ್ಯನೊಬ್ಬನೇ. ಅವನ ಮಂಡಿ ಗಟ್ಟಿಯಾದಷ್ಟೂ ಅವನು ಮುಟ್ಟುವ ಕಣಿವೆ ದೂರವಾಗುತ್ತದೆ. ದುರ್ಗಮತೆಯೆಂಬ ಒಂದೇ ರಕ್ಷಣೆಯಿದ್ದ ಟಗರು ಅದನ್ನೂ ಕಳೆದುಕೊಳ್ಳುತ್ತದೆ.

ಹಣದ ವಾದವನ್ನು ಮರೆಮಾಚುವಂತಿಲ್ಲ. ಮೊಂಟಾನಾ ರಾಜ್ಯದ ಒಂದೇ ಒಂದು ಬಿಗ್‌ಹಾರ್ನ್ ಪರವಾನಗಿ 2013ರ ಹರಾಜಿನಲ್ಲಿ 4,80,000 ಡಾಲರಿಗೆ ಹೋಯಿತು. 1937ರ ಕಾನೂನಿನಂತೆ ಅಮೆರಿಕದಲ್ಲಿ ಬೇಟೆಕೋವಿಯ ಮೇಲೆ ವಿಧಿಸುವ ಶೇಕಡಾ 11ರ ತೆರಿಗೆ ವನ್ಯಜೀವಿ ಸಂರಕ್ಷಣೆಗೇ ಸಲ್ಲುತ್ತದೆ. ಸಾಕುಕುರಿಗಳಿಂದ ಹರಡಿದ ಶ್ವಾಸಕೋಶದ ರೋಗದಿಂದಲೂ ಹತ್ತೊಂಬತ್ತನೆಯ ಶತಮಾನದ ಮಿತಿಯಿಲ್ಲದ ಬೇಟೆಯಿಂದಲೂ ಬಡವಾಗಿದ್ದ ಹಿಂಡುಗಳು ಹಲವೆಡೆ ಚೇತರಿಸಿಕೊಂಡದ್ದರಲ್ಲಿ ಈ ಹಣದ ಪಾಲಿದೆ. ಇದು ಸತ್ಯ. ಆದರೆ ಹಣ ಕೊಟ್ಟದ್ದರಿಂದ ಆಯ್ಕೆ ಸರಿಯಾಗುವುದಿಲ್ಲ. ದೇವಸ್ಥಾನಕ್ಕೆ ಕಾಣಿಕೆ ಕೊಟ್ಟವನಿಗೆ ಗರ್ಭಗುಡಿಯ ಕಲ್ಲು ಕಿತ್ತೊಯ್ಯುವ ಹಕ್ಕು ಬರುತ್ತದೆಯೇ?

ಭಾರತದಲ್ಲಿ ಈ ಪ್ರಶ್ನೆ ಹೊಸದಲ್ಲ. ನೀಲಗಿರಿಯಲ್ಲಿ ಬ್ರಿಟಿಷರು 1879ರಲ್ಲೇ ಬೇಟೆಯ ಕಾನೂನು ತಂದರು. ಅದು ವರಯಾಡನ್ನು ಕಾಯ್ದದ್ದು ಬೇಟೆಗಾರರ ಮುಂದಿನ ಋತುವಿಗಾಗಿ. ಆಗಲೂ ಅವರ ಕಣ್ಣು ಬೆನ್ನು ಬೆಳ್ಳಗಾದ ಹಿರಿಯ ಗಂಡಿನ ಮೇಲೆಯೇ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ವಿನೋದದ ಬೇಟೆಗೆ ಇಲ್ಲಿ ಸ್ಥಾನವಿಲ್ಲದಾಯಿತು. ಗದ್ದೆಗೆ ನುಗ್ಗುವ ಹಂದಿಯಿಂದ ಬೆಳೆ ಕಾಯುವ ಸಂಕಟ ಬೇರೆ, ಅದಕ್ಕೆ ಬೇರೆಯೇ ಉತ್ತರ ಬೇಕು. ಆ ಸಂಕಟವನ್ನು ಮುಂದಿಟ್ಟುಕೊಂಡು ಶ್ರೀಮಂತರಿಗೆ ಪರವಾನಗಿ ಮಾರುವ ಅಮೆರಿಕದ ಮಾದರಿಯನ್ನು ಹೊಗಳುವವರು ಮೊದಲು ರಾಮ್ ಮೌಂಟನ್ನಿನ ದಾಖಲೆಗೆ ಉತ್ತರ ಕೊಡಬೇಕು.

ಅರವತ್ತರ ಕಾಲುಗಳು ಬೆಟ್ಟ ಹತ್ತಲಿ. ಮರಳಿನ ಚೀಲವೂ ಇರಲಿ, ಮೆಟ್ಟಿಲೂ ಇರಲಿ. ರಾಮ್ ಮೌಂಟನ್ನಿನ ಅಧ್ಯಯನಕಾರರೂ ಅದೇ ಕಡಿದಾದ ಇಳಿಜಾರಿನಲ್ಲಿ ಬೇಸಿಗೆಯುದ್ದಕ್ಕೂ ಹೊರೆ ಹೊತ್ತು ಓಡಾಡುತ್ತ ಬಂದವರು. ಅಲ್ಲಿ ಅವರು ಕಟ್ಟಿದ ದೊಡ್ಡಿಯೊಂದಿದೆ. ಉಪ್ಪಿನ ಆಸೆಗೆ ಒಳಬಂದ ಟಗರನ್ನು ಹಿಡಿದು, ತೂಗಿ, ಕೊಂಬಿನ ಉದ್ದಕ್ಕೂ ಟೇಪು ಹಿಡಿದು ಅಳೆದು, ಪುಸ್ತಕದಲ್ಲಿ ಬರೆದುಕೊಂಡು, ಬಾಗಿಲು ತೆರೆದು ಬಿಟ್ಟುಬಿಡುತ್ತಾರೆ.