ಕತ್ತರಿ, ಉಳಿ ಮತ್ತು ವಿದ್ಯಾಭ್ಯಾಸ

ಪಾಠಶಾಲೆಯಲ್ಲಿ ಚಿತ್ರಪಟವೊಂದನ್ನು ಮಾಡಿ ತರಲು ಹೇಳಿದರೆ, ಅಂಗಡಿಯಿಂದ ಅಚ್ಚಾದ ಪಟವನ್ನು ಕೊಂಡುತಂದು ಮಗುವಿನ ಕೈಗೆ ಕೊಡುವುದು ವಿದ್ಯಾವಂತರ ಮನೆಗಳಲ್ಲಿ ವಾಡಿಕೆಯಾಗಿದೆ. ಮಗುವು ಅದಕ್ಕೆ ಅಂಟು ಹಚ್ಚುತ್ತದೆ. ಅಷ್ಟೇ ಅದರ ಪಾಲಿನ ವಿದ್ಯೆ. ಕಾಗದವನ್ನು ಮಡಿಸುವುದು, ಕತ್ತರಿಸುವುದು, ಅಚ್ಚು ಕೆತ್ತುವುದು ಇವೆಲ್ಲ ಮಕ್ಕಳಾಟವೆಂದೂ ಓದಿಗೆ ಅಡ್ಡಿಯೆಂದೂ ಅದೇ ಮನೆಗಳ ಹಿರಿಯರು ಅಪ್ಪಣೆ ಕೊಡಿಸುತ್ತಾರೆ. ಈ ಅಭಿಪ್ರಾಯವು ಎಷ್ಟು ಬಲವಾಗಿ ಬೇರೂರಿದೆಯೋ ಅಷ್ಟೇ ನಿರಾಧಾರವಾದುದು.

ಆಟವೆಂಬ ಆಕ್ಷೇಪವನ್ನು ಮೊದಲು ನೋಡಬಹುದು. ಟಿ. ಸುಂದರರಾಯರು ಕಾಗದದ ಮಡಿಕೆಗಳಿಂದಲೇ ರೇಖಾಗಣಿತವನ್ನು ಕಲಿಸುವ ಗ್ರಂಥವನ್ನು 1893ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನರು ಅದನ್ನು ತಮ್ಮ ಗ್ರಂಥದಲ್ಲಿ ಉಲ್ಲೇಖಿಸಿದರು. 1901ರಲ್ಲಿ ಅದು ಅಮೆರಿಕದಲ್ಲಿ ಪುನರ್ಮುದ್ರಿತವಾಯಿತು. ಪಂಡಿತರು ಆದರಿಸಿದ್ದನ್ನು ಆಟವೆಂದು ತಳ್ಳಿಹಾಕುವುದು ಯಾವ ನ್ಯಾಯ?

ಇದು ಉತ್ತಮ ಕಲೆಯಲ್ಲವೆಂಬುದು ಎರಡನೆಯ ಆಕ್ಷೇಪ. 1930ರಲ್ಲಿ ರವೀಂದ್ರನಾಥ ಠಾಕೂರರು ಮಕ್ಕಳಿಗಾಗಿ ‘ಸಹಜ ಪಾಠ’ವೆಂಬ ಬಂಗಾಳಿ ಪಾಠಪುಸ್ತಕವನ್ನು ಹೊರತಂದಾಗ, ಅದಕ್ಕೆ ಅಚ್ಚಿನ ಚಿತ್ರಗಳನ್ನು ಕೆತ್ತಿಕೊಟ್ಟವರು ನಂದಲಾಲ ಬೋಸರು. ದಂಡಿಯಾತ್ರೆಯ ಆ ವರ್ಷದಲ್ಲಿಯೇ ಕೋಲೂರಿ ನಡೆಯುವ ಗಾಂಧಿಯವರನ್ನು ಅವರು ಲಿನೋಲಿಯಂ ಹಾಳೆಯಲ್ಲಿ ಕೆತ್ತಿದರು. ಆ ಚಿತ್ರವನ್ನು ಅರಿಯಲು ಅಕ್ಷರಜ್ಞಾನ ಬೇಕಿಲ್ಲ.

ಅಚ್ಚಿನ ಚಿತ್ರದಿಂದ ಸಮಾಜಕ್ಕೇನು ಪ್ರಯೋಜನವೆಂದು ಕೇಳುವವರುಂಟು. ಅಧಿಕಾರದಲ್ಲಿದ್ದವರಿಗೆ ಅದು ಚೆನ್ನಾಗಿ ತಿಳಿದಿತ್ತು. 1943ರ ಕ್ಷಾಮದಲ್ಲಿ ಚಿತ್ತಪ್ರಸಾದರು ಬಂಗಾಳದ ಮಿಡ್ನಾಪುರದಲ್ಲಿ ಸಂಚರಿಸಿ, ಕಂಡುದನ್ನು ಬರೆದು, ಬಿಡಿಸಿ, ಪುಸ್ತಕವಾಗಿ ಅಚ್ಚುಮಾಡಿಸಿದರು. ಬ್ರಿಟಿಷ್ ಸರ್ಕಾರವು ಅದರ ಪ್ರತಿಗಳನ್ನು ವಶಪಡಿಸಿಕೊಂಡು ನಾಶಮಾಡಿತು. ನಿಷ್ಪ್ರಯೋಜಕವಾದ ವಸ್ತುವಿಗೆ ಯಾವ ಸರ್ಕಾರವೂ ಹೆದರುವುದಿಲ್ಲ.

ಕನ್ನಡಿಗರಿಗಂತೂ ಈ ಮಾರ್ಗ ಅಪರಿಚಿತವಲ್ಲ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ರಲ್ಲಿ ಹೊರಬಂದದ್ದು ಕಲ್ಲಚ್ಚಿನಿಂದಲೇ.

ಬೇಕಾದ ಚಿತ್ರವು ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ದೊರೆಯುವಾಗ ಈ ಶ್ರಮವೇಕೆಂಬುದು ಕಡೆಯ ವಾದ. ಚಿತ್ರ ದೊರೆಯುವುದು ಬೇರೆ, ತಿಳಿವಳಿಕೆ ದೊರೆಯುವುದು ಬೇರೆ. ಅಚ್ಚು ಕೆತ್ತುವವನು ಅಕ್ಷರವನ್ನು ತಿರುವುಮುರುವಾಗಿ ಬರೆಯಬೇಕು; ಯಾವುದು ಉಳಿಯತಕ್ಕದ್ದು, ಯಾವುದು ಹೋಗತಕ್ಕದ್ದು ಎಂಬುದನ್ನು ಮೊದಲೇ ನಿಶ್ಚಯಿಸಬೇಕು. ಕೆತ್ತಿ ತೆಗೆದ ಭಾಗ ಮತ್ತೆ ಕೂಡುವುದಿಲ್ಲ. ನಿಂತ ನೀರಿನಲ್ಲಿ ಸೊಳ್ಳೆ ಬೆಳೆಯುವ ಬಗೆಯನ್ನು ಹೀಗೆ ಕೆತ್ತಿದ ಹುಡುಗಿ ಅದನ್ನು ಮರೆಯಲಾರಳು. ಒಂದೇ ಅಚ್ಚಿನಿಂದ ನೂರು ಪ್ರತಿ ತೆಗೆದು ಮನೆಮನೆಗೆ ಹಂಚಿದರೆ, ಓದುಬಾರದ ಅಜ್ಜಿಯೂ ನೋಡುವಳು, ಕೇಳುವಳು, ಹುಡುಗಿಯು ವಿವರಿಸುವಳು. ಲೋಕಶಿಕ್ಷಣವೆಂಬುದು ಇದಲ್ಲದೆ ಮತ್ತೇನು?

ಇದಕ್ಕೆ ಬೇಕಾದುದು ಲಿನೋಲಿಯಂ ತುಂಡು, ಸಣ್ಣ ಉಳಿ, ಮಸಿ ಮತ್ತು ಕಾಗದ. ಯಂತ್ರವಿಲ್ಲದಿದ್ದರೆ ಚಮಚದ ಬೆನ್ನಿನಿಂದ ಉಜ್ಜಿಯೂ ಪ್ರತಿ ತೆಗೆಯಬಹುದು. ಕೊರತೆಯಿರುವುದು ಹಣಕ್ಕಲ್ಲ, ಮನಸ್ಸಿಗೆ. ಇನ್ನೊಮ್ಮೆ ಶಾಲೆಯಿಂದ ಪಟದ ಬೇಡಿಕೆ ಬಂದಾಗ, ಅಂಗಡಿಗೆ ಹೋಗದೆ ಮಗುವಿನ ಕೈಗೆ ಕತ್ತರಿಯನ್ನು ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳುವಷ್ಟು ತಾಳ್ಮೆ ಮನೆಯ ಹಿರಿಯರಿಗೆ ಬರಲಿ.